ಗುಲಾಮ್ ರಸೂಲರ ಎಡಗೈ

ಸೈಕಲ್ಲಿನಿಂದ ಇಳಿದು ನಡೆಯುವಾಗಲೂ ಗುಲಾಮ್ ರಸೂಲರ ಎಡಗೈ ಮೈಯಿಂದ ಗೇಣಷ್ಟು ದೂರದಲ್ಲಿ, ಬೆರಳು ಮಡಚಿಕೊಂಡು, ಕಣ್ಣಿಗೆ ಕಾಣದ ಏನನ್ನೋ ಹಿಡಿದುಕೊಂಡೇ ಇರುತ್ತಿತ್ತು. ಯಶವಂತಪುರದಲ್ಲಿ ಅವರ ಸೈಕಲ್ ಶಾಪಿಗೆ ಹೊಸದಾಗಿ ಬಂದವರು, ಪಾಪ, ಲಕ್ವ ಹೊಡೆದಿರಬೇಕೆಂದು ಮರುಗುತ್ತಿದ್ದರು. ಲಕ್ವವೂ ಇಲ್ಲ, ಗಿಕ್ವವೂ ಇಲ್ಲ. ಅದು ಹಿಡಿಯುತ್ತಿದ್ದದ್ದು ಇನ್ನೊಂದು ಸೈಕಲ್ಲಿನ ಹ್ಯಾಂಡಲನ್ನು. ಸೈಕಲ್ ಇಲ್ಲದಾಗಲೂ ಬಿಡುವ ಅಭ್ಯಾಸ ಅದಕ್ಕಿರಲಿಲ್ಲ, ಅಷ್ಟೆ.

ಎಂಬತ್ತರ ದಶಕದ ಆರಂಭದಲ್ಲಿ, ಭಾನುವಾರ ಬಂತೆಂದರೆ ಹೆಸರಘಟ್ಟದ ಕೆರೆಯವರೆಗೆ ತುಳಿದುಕೊಂಡು ಹೋಗಿ ಸಂಜೆಗೆ ಮರಳುವ ಸೈಕಲ್ ಸಂಘವೊಂದು ಯಶವಂತಪುರದಲ್ಲಿತ್ತು. ಹೆಚ್ಚಿನವರು ಫ್ಯಾಕ್ಟರಿಯವರು, ಆಫೀಸಿನವರು. ಎಲ್ಲರಿಗಿಂತ ಹಿಂದೆ, ಬೇಸಿಗೆಯಲ್ಲೂ ಕತ್ತಿನವರೆಗೆ ಗುಂಡಿ ಹಾಕಿದ ಕಂದು ಕೋಟಿನಲ್ಲಿ, ಬಲಗೈಯಲ್ಲಿ ತಮ್ಮ ಸೈಕಲ್ಲನ್ನೂ ಎಡಗೈಯಲ್ಲಿ ಸವಾರನಿಲ್ಲದ ಇನ್ನೊಂದನ್ನೂ ಸಮಸಮನಾಗಿ ನಡೆಸಿಕೊಂಡು ಬರುತ್ತಿದ್ದವರು ರಸೂಲರು. ಶಾಪಿನವರಿಗೆ ಈ ವಿದ್ಯೆ ಹೊಸದಲ್ಲ ಬಿಡಿ. ಆದರೆ ಹೋಗುವಾಗ ಬೀಸುಗಾಳಿಯಂತೆ ಹೋಗುತ್ತಿದ್ದ ಆ ಖಾಲಿ ಸೈಕಲ್ಲು, ಬರುವಾಗ ಮಾತ್ರ ಅವರ ತೋಳನ್ನು ಜಗ್ಗಿ ಜಗ್ಗಿ ಸುಸ್ತು ಮಾಡುತ್ತಿತ್ತು.

"ಏನ್ ಸಾಹೇಬ್ರೇ, ಕ್ಯಾರಿಯರ್ ಮೇಲೆ ಯಾರ್ನ ಕೂರಿಸ್ಕೊಂಡ್ ಬರ್ತಿದೀರಾ?" ಎಂದು ಸಂಘದ ಕಾರ್ಯದರ್ಶಿ ವೇಣುಗೋಪಾಲ ರೇಗಿಸಿದರೆ ಅವರದು ಒಂದೇ ಉತ್ತರ: "ನಿಧಾನ ಸಾರ್, ನಿಧಾನ." ಊಟಕ್ಕೆ ಕರೆದರೂ ಅದೇ, ಜಗಳಕ್ಕೆ ಕರೆದರೂ ಅದೇ.

ಸಂಘದಲ್ಲಿ ಜಯಸಿಂಹರೆಂಬ ಸರ್ಕಾರಿ ಗುಮಾಸ್ತರಿದ್ದರು; ದೆವ್ವ ಭೂತವೆಂದರೆ ಮೂಗು ಮುರಿಯುವ ಆಸಾಮಿ. ಕೆರೆ ಏರಿಯ ಮೇಲೆ ಟೀ ಮಾರುವ ನೀಲಕ್ಕನನ್ನು ಆ ಖಾಲಿ ಸೈಕಲ್ಲಿನ ಬಗ್ಗೆ ಅವರೇ ಒಂದು ದಿನ ಕೆದಕಿದ್ದು.

"ಸಾಬ್ರ ತಮ್ಮ ಕಣಪ್ಪ, ಮುಜಪ್ಪರ್ ಅಂತ," ಎಂದಳು ನೀಲಕ್ಕ. "ಒಂದಿನ ಇಲ್ಲೇ ಸೈಕಲ್ ನಿಲ್ಸಿ ಓದ. ಸ್ಟ್ಯಾಂಡ್ ಆಕಿತ್ತು, ಬೀಗ ಆಕಿತ್ತು, ಆಳೇ ಇಲ್ಲ. ಕೆರೆಯೆಲ್ಲ ಜಾಲಾಡಿದ್ರೂ ಸಿಗ್ನಿಲ್ಲ. ಸೈಕಲ್ ಬಿಟ್ಟೋದೋನು ಮನೆಗೆ ಎಂಗ್ ಬಂದಾನು ಅಂತ ಸಾಬ್ರು ವಾರವಾರ ಅದ್ನ ಇಂಗೆ ತತ್ತಾರೆ. ಎಲ್ಡು ಟೀ ಯೋಳ್ತಾರೆ."

ಜಯಸಿಂಹರು ತಿರುಗಿ ನೋಡಿದರು. ರಸೂಲರು ಎದ್ದುಹೋದ ಬೆಂಚಿನ ಮೇಲೆ ಎರಡು ಖಾಲಿ ಲೋಟಗಳಿದ್ದವು.

ಮಾರ್ಗಶಿರದ ಒಂದು ಭಾನುವಾರ, ಎಲ್ಲರೂ ಮುಂದೆ ಹೋದ ಮೇಲೆ, ಕೆರೆಯ ತಿರುವಿನಲ್ಲಿ ಅಡ್ಡ ಬಂದ ಎಮ್ಮೆಯನ್ನು ತಪ್ಪಿಸಲು ಹೋಗಿ ಜಯಸಿಂಹರು ಬಿದ್ದರು. ಮುಂದಿನ ಚಕ್ರ ಸೊಟ್ಟಗಾಯಿತು, ಪಾದದ ಗಿಣ್ಣು ಊದಿತು. ಮುಸ್ಸಂಜೆ, ಮಂಜು ಇಳಿಯುತ್ತಿತ್ತು, ಬಸ್ಸು ಹೋಗಿಯಾಗಿತ್ತು. ಹಿಂದಿನಿಂದ ಬಂದವರು ರಸೂಲರೊಬ್ಬರೇ. ಮುರಿದ ಸೈಕಲ್ಲನ್ನು ನೀಲಕ್ಕನ ಅಂಗಡಿಗೆ ಸೇರಿಸಿ ಬಂದು, ಖಾಲಿ ಸೀಟನ್ನು ನೋಡುತ್ತ ಅವರು ಬಹಳ ಹೊತ್ತು ನಿಂತರು. ಅಷ್ಟು ವರ್ಷ ಆ ಸೀಟಿನ ಮೇಲೆ ಅವರು ಒಂದು ಚೀಲವನ್ನೂ ಇಟ್ಟವರಲ್ಲ. ಕೊನೆಗೆ ಬಗ್ಗಿ, ಮಗುವಿಗೆ ಹೇಳುವಷ್ಟು ಮೆಲ್ಲಗೆ ಹೇಳಿದರು: "ಮುಜ್ಜು, ಜರಾ ಪೀಛೆ ಬೈಠ್ ರೇ. ಸಾಬ್ ಕೂ ಲಗ್ಯಾ." ಸ್ವಲ್ಪ ಹಿಂದೆ ಕೂರೋ, ಸಾಹೇಬರಿಗೆ ಪೆಟ್ಟಾಗಿದೆ ಎಂದು.

ಕ್ಯಾರಿಯರಿನ ಸ್ಪ್ರಿಂಗು ಕಿರ್ರೆಂದಿತು.

"ಹತ್ತಿ ಸಾರ್. ಸುಮ್ನೆ ಕೂತ್ಕೊಳ್ಳಿ, ನಾನ್ ಎಳ್ಕೊಂಡ್ ಹೋಗ್ತೀನಿ."

ಅಯ್ಯೋ, ಜಯಸಿಂಹರ ಅವಸ್ಥೆಯನ್ನು ಏನೆಂದು ಹೇಳುವುದು! ಡಬಲ್ಸ್ ಹೊಡೆದ ಯಾರಿಗೂ ಹಿಂದಿನ ಭಾರವನ್ನು ತಿರುಗಿ ನೋಡಿ ತಿಳಿಯಬೇಕಾಗಿಲ್ಲ. ಹಿಂದಿನ ಟೈರು ಕಲ್ಲಿನ ಮೇಲೆ ಅಮುಕಿಕೊಂಡು ಉರುಳುತ್ತಿತ್ತು. ತಿರುವುಗಳಲ್ಲಿ ಆ ಭಾರ ಅಭ್ಯಾಸವಿದ್ದವನ ಹಾಗೆ ತಾನೇ ವಾಲುತ್ತಿತ್ತು. ಚಿಕ್ಕಬಾಣಾವರದ ರೈಲ್ವೆ ಗೇಟಿನಲ್ಲಿ ಗಾಡಿ ಹಾಯುವವರೆಗೆ ನಿಂತಾಗ ಬೆನ್ನಿಗೆ ತಣ್ಣಗೆ ತಾಕಿತು, ಪಾಚಿಯ ವಾಸನೆ ಬಂತು. ಬಾಯಿಗೆ ಬಂದ ಹನುಮಂತನ ಹೆಸರುಗಳನ್ನೆಲ್ಲ ನಮ್ಮ ನಾಸ್ತಿಕ ಗುಮಾಸ್ತರು ಒಂದೂ ಬಿಡದೆ ಹೇಳಿಕೊಂಡರು. ಕತ್ತು ಮಾತ್ರ ತಿರುಗಿಸಲಿಲ್ಲ.

ಯಶವಂತಪುರದಲ್ಲಿ ಮಸೀದಿಯ ಗಲ್ಲಿ ದಾಟುತ್ತಿದ್ದಂತೆ, ಓಡುವ ಸೈಕಲ್ಲಿನಿಂದ ಹುಡುಗರು ಧುಮುಕುವಾಗ ಆಗುವಂತೆ ಕ್ಯಾರಿಯರು ಟಣ್ಣೆಂದಿತು. ಸೈಕಲ್ಲು ಹಗುರಾಗಿ ಮುಂದಕ್ಕೆ ಚಿಮ್ಮಿತು. ಶಾಪಿನ ಮುಂದೆ ಕಾಲೂರಿ ನಿಂತ ರಸೂಲರ ಮುಖ ಬಿಳಿಚಿಕೊಂಡಿತ್ತು.

"ಎರಡು ಹ್ಯಾಂಡಲ್ ಹಿಡಿದವ್ನು ಹಿಂದೆ ತಿರುಗಕ್ಕಾಗಲ್ಲ ಸಾರ್," ಎಂದರು. "ಇಷ್ಟು ವರ್ಷದಿಂದ ಕರ್ಕೊಂಡ್ ಬರ್ತಿದೀನಿ. ಇಲ್ಲಿ ಬಂದ್ ನೋಡಿದ್ರೆ ಯಾರೂ ಇರಲ್ಲ. ದಾರೀಲೇ ಎಲ್ಲೋ ಬೀಳಿಸ್ಬಿಟ್ನೋ, ವಾಪಸ್ ನೀರಿಗೇ ಹೋದ್ನೋ ಅಂತ ರಾತ್ರಿಯೆಲ್ಲ ನಿದ್ದೆ ಬರಲ್ಲ. ಹೇಳಿ ಸಾರ್, ಎಲ್ಲಿ ಇಳ್ದ?"

ಯಾರೂ ಇರಲಿಲ್ಲವೆಂದುಬಿಟ್ಟಿದ್ದರೆ ಜಯಸಿಂಹರ ಮಾನ ಉಳಿಯುತ್ತಿತ್ತು. ವೇಣುಗೋಪಾಲನ ನಗೆ ಅವರ ಕಿವಿಯಲ್ಲಿ ಆಗಲೇ ಕೇಳಿಸುತ್ತಿತ್ತು.

"ಮಸೀದಿ ಗಲ್ಲೀಲಿ ಸಾಹೇಬ್ರೇ. ಅವ್ರೇ ಇಳಿದ್ರು."

"ನಮ್ಮ ಅಮ್ಮಿ ಮನೆ ಅಲ್ಲೇ ಸಾರ್ ಇದ್ದಿದ್ದು," ಎಂದವರೇ ರಸೂಲರು ಬೀದಿಯಲ್ಲಿ ನಿಂತು ಬಿಕ್ಕಿಬಿಕ್ಕಿ ಅತ್ತರು.

ಮುಂದಿನ ಭಾನುವಾರ ಅವರು ಒಂದೇ ಸೈಕಲ್ಲಿನಲ್ಲಿ ಬಂದರು. ಎರಡೂ ಕೈ ಒಂದೇ ಹ್ಯಾಂಡಲಿನ ಮೇಲೆ ಬಂದದ್ದು ರೂಢಿಯಿಲ್ಲದೆ, ಹೊಸದಾಗಿ ಕಲಿಯುವವರ ಹಾಗೆ ಓಲಾಡುತ್ತ, "ನಿಧಾನ, ನಿಧಾನ" ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಜಯಸಿಂಹರ ಷರ್ಟಿನ ಬೆನ್ನಿಗೆ ಅಂಟಿದ ಹಸಿರು ಕಲೆಯನ್ನು ಮಾತ್ರ ಅವರ ಹೆಂಡತಿ ಪುಟ್ಟಲಕ್ಷ್ಮಿ ಎಷ್ಟು ಕುಕ್ಕಿದರೂ ತೆಗೆಯಲಾಗಲಿಲ್ಲ.

ಕಳೆದುಕೊಂಡವರನ್ನು ಅತ್ತು ಮರೆಯುವವರು ಲೋಕದಲ್ಲಿ ಬಹಳ. ಕೈನೋವು ನುಂಗಿಕೊಂಡು ವಾರವಾರವೂ ಹೋಗಿ ಕರೆತರುವವರು ಎಲ್ಲೋ ಒಬ್ಬಿಬ್ಬರು. ಅಂಥವರ ಪಾಡೇನೆಂದರೆ, ತಾವು ಕರೆತಂದವರನ್ನು ಅವರ ಕಣ್ಣು ಎಂದೂ ಕಾಣದು. ತಲುಪಿದರು ಎಂದು ಬೇರೆ ಯಾರಾದರೂ ಹೇಳಬೇಕು.