ಒಂದೇ ಸಲ ಕೇಳಿದ್ದು

ಮುಂಡಗೋಡ ಸೀಮೆಯ ಮಳಗಿ ಊರಿನ ದಾರಿ ಬಿಟ್ಟು ಒಳಗೆ ಹೋದರೆ ಸಿಗುವ ಬಸವನಕೊಪ್ಪದಲ್ಲಿ ಒಂದು ರೂಢಿಯಿದೆ. ಯಾರಿಗಾದರೂ ಮಾನದ ಕೆಲಸ ಒಪ್ಪಿಸುವುದಿದ್ದರೆ ಮೂರು ಸಲ ಕೇಳಬೇಕು. ಮದುವೆಯ ಹಿರಿತನವಿರಲಿ, ಗುಡಿಯ ಪಂಚರ ಸ್ಥಾನವಿರಲಿ, ಮೊದಲ ಸಲಕ್ಕೆ ‘ನನಗ್ಯಾಕ್ರಿ’ ಅನ್ನಬೇಕು. ಎರಡನೆಯ ಸಲಕ್ಕೆ ‘ನನಗಿಂತ ಹಿರಿಯರದಾರ’ ಅನ್ನಬೇಕು. ಮೂರನೆಯ ಸಲ ಏನೂ ಅನ್ನದೆ ಕೈ ಚಾಚಿ ಎಲೆಯಡಿಕೆ ತೆಗೆದುಕೊಳ್ಳಬೇಕು. ಮೊದಲಿಗೇ ಹೂಂ ಅಂದವನನ್ನು ಊರು ‘ಹಸಗೊಂಡಾಂವ’, ಅಂದರೆ ಆಸೆಬುರುಕ, ಎಂದು ಕರೆಯುತ್ತದೆ, ಆ ಹೆಸರು ಮೊಮ್ಮಕ್ಕಳ ತನಕ ಹೋಗುತ್ತದೆ.

ಹಾಗೆ ಕೇಳುವ ಕೆಲಸ ಊರಿನ ಅಯ್ಯನವರಾದ ಅಡಿವೆಯ್ಯನವರದು. ನಲವತ್ತು ವರ್ಷದಿಂದ ಅವರು ಎಲೆಯಡಿಕೆಯ ತಾಟು ಹಿಡಿದು ಮನೆಮನೆ ಹತ್ತಿಳಿದವರು. ನಿಜವಾದ ಬೇಡ ಯಾವುದು, ನಾಚಿಕೆಯ ಬೇಡ ಯಾವುದು ಎಂಬುದು ಧ್ವನಿಯಲ್ಲೇ ಅವರಿಗೆ ತಿಳಿಯುತ್ತಿತ್ತು. ಆದ್ದರಿಂದ ಆ ದಿನ ತಮಗೆ ತಿಳಿಯಲಿಲ್ಲ ಎಂದು ಅವರು ಶಿವನ ಮುಂದೆಯೂ ಹೇಳಿಕೊಳ್ಳುವಂತಿಲ್ಲ.

ಆ ಸೋಮವಾರ ಪೂಜೆ ಮುಗಿಸಿ ಎದ್ದಾಗ ಫೋನು ಬಂತು.

‘ಅಯ್ಯಾರ, ನಾ ಮುಂಡಗೋಡದ ಆಫೀಸಿನಿಂದ ಸುಮಿತಾ ಮಾತಾಡೋದು. ನಿಮ್ಮೂರ ಕೆರಿಗೆ ಸರಕಾರದವರು ಸಲಹಾ ಸಮಿತಿ ಮಾಡಾಕತ್ತಾರ್ರಿ. ಊರಿಂದ ಒಬ್ಬರನ್ನ ನಾಮನಿರ್ದೇಶನ ಮಾಡಬೇಕು. ದುರ್ಗಪ್ಪ ಅಂತ ಹೆಸರು ಮ್ಯಾಲಿಂದನ ಬಂದೈತಿ. ಅವರ ಫೋನ್ ಹತ್ತವಲ್ದು. ನೀವು ಹೋಗಿ ಒಪ್ಪಿಗಿ ಸಹಿ ತಗೊಂಡು ಕೊಡ್ತೀರೇನ್ರಿ?’

‘ದುರ್ಗಪ್ಪ ಅಂದ್ರ ನಮ್ಮ ನೀರಗಂಟಿ?’

‘ಹೂನ್ರಿ. ಹೋದ ಮಳಿಗಾಲದಾಗ ದೊಡ್ಡ ಸಾಹೇಬ್ರು ಬಂದಿದ್ರಲ್ಲ, ಅವರಿಗೆ ಇಡೀ ಕೆರಿ ಸುತ್ತಿಸಿ ತೋರಿಸಿದ್ರಂತ. ಅವರ ಹೆಸರು ಬರಕೊಂಡು ಹೋಗ್ಯಾರ.’ ಆಮೇಲೆ ಆಕೆ ಸಹಜವಾಗಿ ಸೇರಿಸಿದಳು, ‘ಅವರು ಒಲ್ಲೆ ಅಂದ್ರ ಫಾರಮ್ಮಿನಾಗ ಕೆಳಗ ಇನ್ನೊಂದು ಹೆಸರಿಗೆ ಜಾಗ ಐತಿ. ನಿಮ್ಮದ ಬರದ್ರೂ ನಡೀತೈತ್ರಿ. ಊರಿಗೆ ಹಿರಿಯರು ನೀವು.’

ದುರ್ಗಪ್ಪ ಕೆರೆಯ ತೂಬು ತೆರೆದು ಮುಚ್ಚುವವನು. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕೆಂದು ಅವನು ಹೇಳಿದರೆ ಊರಲ್ಲಿ ಎರಡನೆಯ ಮಾತಿಲ್ಲ. ಅವನ ಅಪ್ಪನೂ ಅದೇ ಕೆಲಸ ಮಾಡಿದವನು. ಸರಕಾರ ಸರಿಯಾದ ಮನುಷ್ಯನನ್ನೇ ಆರಿಸಿದೆ ಎಂದು ಅಡಿವೆಯ್ಯನವರಿಗೆ ಅನ್ನಿಸಿತು. ಮೊದಲು ಅನ್ನಿಸಿದ್ದು ಅದೇ. ಆದರೆ ಮಳಗಿಗೆ ಹೋಗಿ, ಆಕೆ ಫೋನಿಗೆ ಕಳಿಸಿದ ಫಾರಂ ಪ್ರಿಂಟು ಹಾಕಿಸಿಕೊಂಡು ಬರುವಷ್ಟರಲ್ಲಿ, ಕೆಳಗಿದ್ದ ಖಾಲಿ ಗೆರೆಯ ಮೇಲೆ ಅವರ ಕಣ್ಣು ನಾಲ್ಕಾರು ಸಲ ಹೋಗಿತ್ತು. ಜೀವನವಿಡೀ ಮಾನದ ತಾಟನ್ನು ಬೇರೆಯವರ ಮನೆಗೆ ಹೊತ್ತೊಯ್ದವರು ಅವರು. ಅವರ ಮನೆಗೆ ಆ ತಾಟು ಒಮ್ಮೆಯೂ ಬಂದಿರಲಿಲ್ಲ.

ದುರ್ಗಪ್ಪ ತನ್ನ ಮನೆಯ ಕಟ್ಟೆಯ ಮೇಲೆ ಕೂತು ಸಲಿಕೆಗೆ ಅಂಟಿದ ಕೆಸರು ಕೆರೆಯುತ್ತಿದ್ದ.

‘ಏನ್ರಿ ಅಯ್ಯಾರ, ಇಷ್ಟು ಬಿಸಲಾಗ? ಯಾರದರ ಮದಿವಿ ಗಟ್ಟಿ ಆತೇನು?’

‘ನಿಂದ ಗಟ್ಟಿ ಆಗೈತಿ.’

‘ಆಗಲಿ ತಗೋರಿ,’ ಒಳಗಿನಿಂದ ಅವನ ಹೆಂಡತಿ ಮಾಲವ್ವ ಕೂಗಿದಳು. ‘ರೊಟ್ಟಿ ಬಡಿಯಾಕ ನನಗೂ ಒಬ್ಬಾಕಿ ಜೋಡಿ ಆಕ್ಕಾಳ.’

ಮೂವರೂ ನಕ್ಕರು. ಅಡಿವೆಯ್ಯನವರು ಕೂತು ಸಮಿತಿಯ ವಿಷಯ ಹೇಳಿದರು. ಸರಕಾರದ ನೇಮಕ, ಮೂರು ವರ್ಷ, ಮುಂಡಗೋಡದಲ್ಲಿ ಸಭೆ, ಸಾಹೇಬರ ಸಾಲಿನಲ್ಲಿ ಕುರ್ಚಿ. ‘ನೀ ಆಕ್ಕೀಯೇನು?’ ಎಂದು ಕೇಳಿದರು.

ದುರ್ಗಪ್ಪ ಸಲಿಕೆ ಕೆಳಗಿಟ್ಟ. ‘ನನಗ್ಯಾಕ್ರಿ ಅಯ್ಯಾರ ಅಂಥಾ ಕುರ್ಚಿ? ಕಾಲಾಗಿನ ಕೆಸರ ಆರದ ಮನಷ್ಯಾ ನಾ.’

ಮಾಲವ್ವ ಚಹಾ ತಂದಿಟ್ಟಳು. ಅಯ್ಯನವರು ತಾಟು ತಂದಿಲ್ಲದ್ದು ಕಂಡು ಮತ್ತೆ ಒಳಗೆ ಹೋಗಿ, ತಮ್ಮದೇ ಹಿತ್ತಾಳೆಯ ತಾಟು ಒರೆಸಿ ಎರಡು ಎಲೆ, ಒಂದು ಅಡಿಕೆ ಇಟ್ಟುಕೊಂಡು ಬಂದು ಬಾಗಿಲಲ್ಲಿ ನಿಂತಳು. ದುರ್ಗಪ್ಪ ಬಲಗೈಯನ್ನು ಧೋತರಕ್ಕೆ ಒರೆಸಿಕೊಂಡ. ಒಮ್ಮೆ ಒರೆಸಿ, ಸಾಲದೆಂದು ಮತ್ತೊಮ್ಮೆ ಒರೆಸಿದ. ಇಬ್ಬರೂ ಕಾಯುತ್ತಿದ್ದರು.

ಅಡಿವೆಯ್ಯನವರು ಚಹಾ ಕುಡಿದರು. ಬಸಿಯನ್ನು ಕಪ್ಪಿನ ಮೇಲೆ ಮುಚ್ಚಿಟ್ಟರು.

‘ಆತು ಹಂಗಾರ, ನಿನ್ನ ಇಚ್ಛಾ,’ ಎಂದು ಎದ್ದರು.

ಬಾಗಿಲಲ್ಲಿದ್ದ ಮಾಲವ್ವ ತಾಟನ್ನು ಸೆರಗಿನ ಮರೆಗೆ ಎಳೆದುಕೊಂಡದ್ದು ಅವರಿಗೆ ಕಂಡಿತು. ಕಂಡೂ ಅವರು ಅಂಗಳ ದಾಟಿದರು. ಫಾರಮ್ಮಿನಲ್ಲಿ ಮೇಲಿನ ಹೆಸರಿನ ಎದುರು ‘ಒಪ್ಪಿರುವುದಿಲ್ಲ’ ಎಂದು ಬರೆದು, ಕೆಳಗೆ ತಮ್ಮ ಹೆಸರನ್ನು ದುಂಡಗೆ ಬರೆದರು.

ಆದೇಶ ಬಂದದ್ದು ತಿಂಗಳೊಪ್ಪತ್ತಿನಲ್ಲಿ. ಅದರ ಕೊನೆಗೆ ‘ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ’ ಎಂಬ ಸಾಲಿತ್ತು. ಅಡಿವೆಯ್ಯನವರು ಆ ಸಾಲನ್ನು ಜಪದ ಹಾಗೆ ಮತ್ತೆ ಮತ್ತೆ ಓದಿದರು. ಸಂಜೆ ಕಾಗದವನ್ನು ಪೂಜೆಯ ಜಗುಲಿಯ ಮೇಲೆ ದೇವರ ಪಕ್ಕ ಇಟ್ಟರು. ಇಟ್ಟ ಮೇಲೆ ದೇವರ ಕಡೆ ನೋಡಲಾಗದೆ, ತೆಗೆದು ಟ್ರಂಕಿನಲ್ಲಿಟ್ಟರು.

ಮರುದಿನ ದುರ್ಗಪ್ಪ ತೆಂಗಿನಕಾಯಿ, ಹೂವಿನ ಮಾಲೆ ತಂದ. ‘ಚಲೋ ಆತ್ರಿ ಅಯ್ಯಾರ. ಕೆರಿ ಒಂದು ಚಲೋ ಕೈಯಾಗ ಬಂತು,’ ಅಂದ. ಆ ಮಾತಿನಲ್ಲಿ ಮುಳ್ಳಿದ್ದರೆ ಅಡಿವೆಯ್ಯನವರು ಚುಚ್ಚಿಸಿಕೊಂಡು ಹಗುರಾಗುತ್ತಿದ್ದರು. ಇರಲಿಲ್ಲ. ಅಂದಿನಿಂದ ಅವರು ಕೆರೆಯ ಏರಿಯ ದಾರಿ ಬಿಟ್ಟು ಗುಡಿಯ ಹಿಂದಿನ ದಾರಿ ಹಿಡಿದರು. ದುರ್ಗಪ್ಪ ಎದುರಾದಾನು ಎಂಬ ಅಂಜಿಕೆ.

ಮೊದಲ ಸಭೆಯಲ್ಲಿ ಅವರ ಮುಂದೆ ಹೆಸರಿನ ಫಲಕ, ನೀರಿನ ಬಾಟಲಿ, ಗೋಡಂಬಿಯ ಬಟ್ಟಲು ಇದ್ದವು. ಒಬ್ಬ ಎಳೆಯ ಇಂಜಿನಿಯರ್ ಗೋಡೆಯ ಮೇಲೆ ನಕ್ಷೆ ಬೆಳಗಿಸಿ ತೋರಿಸಿದ. ಕೆರೆಗೆ ಎರಡು ತೂಬು. ನಡುತೂಬು ಹಳೆಯದು, ಸೋರುತ್ತದೆ. ಅದನ್ನು ಕಾಂಕ್ರೀಟು ತುಂಬಿ ಮುಚ್ಚಿ, ದೊಡ್ಡ ತೂಬಿಗೆ ಹೊಸ ಬಾಗಿಲು ಕೂರಿಸಿದರೆ ಏರಿಯ ಮೇಲೆ ಜನ ಅಡ್ಡಾಡಲು ಕಲ್ಲುಹಾಸು ಮಾಡಬಹುದು. ಹುಡುಗ ಒಳ್ಳೆಯವನು. ಹೇಳಿ ಮುಗಿಸಿ, ಅಡಿವೆಯ್ಯನವರ ಕಡೆ ತಿರುಗಿ ಕೈ ಮುಗಿದು ಕೇಳಿದ, ‘ಊರಿನವರು ನೀವು. ನಡುತೂಬು ಮುಚ್ಚಿದ್ರ ಏನರ ತೊಂದ್ರಿ ಐತೇನ್ರಿ?’

ಅಡಿವೆಯ್ಯನವರಿಗೆ ಗೊತ್ತಿರಲಿಲ್ಲ. ಕೇಳಿಕೊಂಡು ಬಂದು ಹೇಳುತ್ತೇನೆ ಅನ್ನಬಹುದಿತ್ತು. ಆದರೆ ಯಾರನ್ನು ಕೇಳಬೇಕೋ ಅವನ ಮುಖ ನೋಡುವ ಧೈರ್ಯ ಅವರಲ್ಲಿ ಉಳಿದಿರಲಿಲ್ಲ.

‘ಏನೂ ಇಲ್ಲರಿ. ಆಗಲಿ,’ ಅಂದರು. ಆ ಮಾತು ಬರಹಕ್ಕೆ ಹೋಯಿತು. ಅವರು ಸಹಿ ಮಾಡಿದರು.

ಬೇಸಿಗೆಯ ಭತ್ತಕ್ಕೆ ಸಸಿ ಹಚ್ಚುವ ಹೊತ್ತಿಗೆ ಕೆಲಸ ಮುಗಿದಿತ್ತು. ಕೆರೆ ತುಂಬಿತ್ತು. ಕಲ್ಲುಹಾಸು ಚೆಂದವಾಗಿತ್ತು. ದೊಡ್ಡ ತೂಬಿನ ನೀರು ಬಯಲಿನ ಗದ್ದೆಗಳಿಗೆಲ್ಲ ಹರಿಯಿತು. ದಿಬ್ಬದ ಮಗ್ಗುಲಿನ ಗದ್ದೆಗಳಿಗೆ ಮಾತ್ರ ಹತ್ತಲಿಲ್ಲ. ಕೆರೆ ಕಟ್ಟಿದ ಹಿರಿಯರು ನಡುತೂಬನ್ನು ಅಷ್ಟು ಎತ್ತರಕ್ಕೆ ಇಟ್ಟದ್ದು ಆ ಗದ್ದೆಗಳಿಗಾಗಿಯೇ ಎಂಬುದು ಆಗ ಎಲ್ಲರಿಗೂ ಕಣ್ಣಿಗೆ ರಾಚುವಂತೆ ಕಂಡಿತು. ಹೊಸ ಬಾಗಿಲಿಗೆ ಮೋಟರಿತ್ತು, ಗುಂಡಿ ಒತ್ತಲು ಬೇರೆ ಊರಿನವನನ್ನು ಇಟ್ಟಿದ್ದರು. ದುರ್ಗಪ್ಪನಿಗೆ ಕೆಲಸವಿರಲಿಲ್ಲ.

ದಿಬ್ಬದ ಗೋದುಬಾಯಿ ಅಯ್ಯನವರ ಅಂಗಳಕ್ಕೇ ಬಂದಳು. ವಯಸ್ಸಾದ ಹೆಣ್ಣುಮಗಳು, ಬಾಯಿ ಹರಿತ. ಒಣಗಿದ ಸಸಿಯ ಹಿಡಿಯನ್ನು ಕಟ್ಟೆಯ ಮೇಲಿಟ್ಟಳು.

‘ಅಯ್ಯಾರ, ಮುಂಡಗೋಡದಾಗ ಸೈ ಮಾಡಿದ್ರೆಲಾ, ಆ ಪೆನ್ನಿನಾಗಿಂದನರ ನಾಕು ಹನಿ ನೀರು ಬಿಡ್ರಿ ನಮ್ಮ ಗದ್ದಿಗೆ.’

ಆಕೆ ಉತ್ತರಕ್ಕೆ ನಿಲ್ಲಲಿಲ್ಲ. ಅಂದು ಅಡಿವೆಯ್ಯನವರು ಪೂಜೆಗೆ ಕೂತರೆ ಕೈಯಲ್ಲಿನ ಲಿಂಗ ಭಾರವೆನಿಸಿತು. ಪತ್ರೆ ಏರಿಸಿದರು, ಮನಸ್ಸು ಏರಲಿಲ್ಲ. ಅರ್ಧಕ್ಕೆ ಎದ್ದು, ಬಹಳ ದಿನ ಬಿಟ್ಟಿದ್ದ ಏರಿಯ ದಾರಿ ಹಿಡಿದರು.

ದುರ್ಗಪ್ಪ ಮುಚ್ಚಿದ ತೂಬಿನ ಹತ್ತಿರ ಕಲ್ಲುಹಾಸಿನ ಮೇಲೆ ಕೂತಿದ್ದ. ಅವರನ್ನು ಕಂಡು ಎದ್ದು ನಿಂತ.

‘ಕುಂದರು, ಕುಂದರು,’ ಎಂದು ಅಡಿವೆಯ್ಯನವರು ತಾವೂ ಕೂತರು. ‘ದುರ್ಗಪ್ಪಾ, ಆವತ್ತು ನಾ ಬೇಕಂತನ ಎದ್ದು ಹೋದೆ. ನೀ ಕೈ ಒರಸಿಕೊಂಡಿದ್ದು ನೋಡಿದ್ದೆ. ನನಗ ಆಶಾ ಹುಟ್ಟಿತ್ತು.’

‘ಗೊತ್ತೈತ್ರಿ.’

‘ಗೊತ್ತಿತ್ತು?’

‘ಮಾಲವ್ವ ಆವತ್ತ ಅಂದಳು, ಅಯ್ಯಾರ ಚಹಾ ಗಡಬಡಿಸಿ ಕುಡದ್ರು ಅಂತ.’ ಅವನು ನೀರಿನ ಕಡೆ ನೋಡಿದ. ‘ಅದಕ್ಕ ನನಗ ಸಿಟ್ಟಿಲ್ಲರಿ. ಒಂದ ಎರಡು ದಿನ ಕೆಟ್ಟ ಅನಿಸ್ತು, ಹೋತು. ಕುರ್ಚಿ ನಿಮ್ಮದ ಇರಲಿ, ಅದಕ್ಕೇನು. ಸಭಾಕ್ಕ ಹೋಗೂ ಮುಂದ ಒಂದು ಮಾತು ನನ್ನ ಕೇಳಬಾರದಾಗಿತ್ತ? ಆಮ್ಯಾಲ ಕೆಲಸದವರಿಗೆ ಹೇಳಿದ್ರ ನಿಮ್ಮ ಸಹಿ ತೋರಿಸಿದ್ರು. ಈ ಏರಿ ಮ್ಯಾಲ ಹಾದು ಹೋಗಿದ್ರೂ ಸಾಕಿತ್ತು, ನಾನ ಕರದು ಹೇಳ್ತಿದ್ದೆ. ನೀವು ದಾರೀನ ಬಿಟ್ಟಬಿಟ್ರಿ.’

ತಾವು ಕದ್ದದ್ದು ಕುರ್ಚಿ ಎಂದು ಅಡಿವೆಯ್ಯನವರು ಇಷ್ಟು ದಿನ ತಿಳಿದಿದ್ದರು. ಅದಕ್ಕಾಗಿ ಪಶ್ಚಾತ್ತಾಪಪಡುತ್ತಾ, ಆ ಪಶ್ಚಾತ್ತಾಪದ ಸಂಕೋಚದಲ್ಲೇ ಅದಕ್ಕಿಂತ ದೊಡ್ಡ ತಪ್ಪು ಮಾಡಿದ್ದರು.

‘ಬರೂ ವಾರ ಇನ್ನೊಂದು ಸಭಾ ಐತಿ,’ ಕೊನೆಗೆ ಅಂದರು. ‘ಏನು ಹೇಳಲಿ ಹೇಳು.’

‘ಕಾಂಕ್ರೀಟ ಬಿಗದೈತ್ರಿ. ಒಡೀತಾರ ಅಂತೀರೇನು?’

‘ಗೊತ್ತಿಲ್ಲ. ಆದ್ರ ಹೇಳು.’

ದುರ್ಗಪ್ಪ ಬಹಳ ಹೊತ್ತು ಹೇಳಿದ. ತೂಬಿನ ಬಾಯಿ ಎಷ್ಟು ಎತ್ತರಕ್ಕಿತ್ತು, ಕಾಲುವೆ ಎಲ್ಲಿ ತಿರುಗುತ್ತಿತ್ತು, ಹುಣಸೆಮರದ ಹತ್ತಿರ ಎಷ್ಟು ಹೊತ್ತು ನೀರು ತಡೆದರೆ ದಿಬ್ಬ ಏರುತ್ತಿತ್ತು. ಅಡಿವೆಯ್ಯನವರು ಜೇಬಿನಿಂದ ಡೈರಿ ತೆಗೆದು ಬರೆದುಕೊಂಡರು. ನೀರು ತಪ್ಪಿದವರ ಹೆಸರು ಹೇಳು ಅಂದರು. ಅವನು ಒಂದೊಂದಾಗಿ ಹೇಳಿದ. ಗೋದುಬಾಯಿ, ಶಂಕ್ರಪ್ಪ, ಜ್ಯೋತಿಬಾನ ಮನೆಯವರು, ಹೀಗೆ ಹನ್ನೊಂದು ಹೆಸರು.

‘ಇಷ್ಟನಾ?’

‘ನಮ್ಮ ಗದ್ದಿನೂ ಅಲ್ಲೇ ಐತ್ರಿ, ಎಲ್ಲಾರಕಿಂತಾ ತುದೀಗೆ. ಕಡೀಕ ಬರೀರಿ.’

ಆ ಗದ್ದೆ ಅಡಿವೆಯ್ಯನವರಿಗೆ ಗೊತ್ತಿತ್ತು. ಅದು ತುದಿಯಲ್ಲೇ ಯಾಕಿದೆ ಎಂದು ಮಾತ್ರ ಎಂದೂ ಕೇಳಿರಲಿಲ್ಲ. ಈಗ ಕೇಳಿದರು.

‘ಹಿಂದಿನವರು ಹಂಗ ಕೊಟ್ಟಾರ್ರಿ,’ ಅಂದ ದುರ್ಗಪ್ಪ. ‘ಯಾರ ಕೈಯಾಗ ತೂಬಿನ ಕೀಲಿ ಐತಿ, ಅವನ ಗದ್ದಿ ಕಟ್ಟಕಡೀಕ ಇರಬೇಕಂತ. ಎಲ್ಲಾರದೂ ತೊಯ್ದ ಮ್ಯಾಲನ ಅವಂದು ತೊಯ್ಬೇಕು.’

ಅಡಿವೆಯ್ಯನವರು ಹನ್ನೆರಡನೆಯ ಹೆಸರು ಬರೆಯಲು ಹೋದರು. ಅಕ್ಷರ ಕಾಣಲಿಲ್ಲ. ಪೆನ್ನನ್ನು ಹಾಗೇ ಹಿಡಿದುಕೊಂಡು, ಕಣ್ಣು ತಿಳಿಯಾಗಲೆಂದು ಕಾಯುತ್ತಾ ಕೂತರು.