ಗೋಡೆಯ ಅರಳಿ

ಕಪಿಲ ವಾಡಿ ಜಂಕ್ಷನ್ನಿನ ಸಿಗ್ನಲ್ ವಿಭಾಗದಲ್ಲಿ ಕೆಲಸಕ್ಕಿದ್ದ. ಅವನ ಹೆಂಡತಿ ಕರುಣಾ ಚಿತ್ತಾಪುರದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದಳು. ಇಬ್ಬರಿಗೂ ಬೋನ್ಸಾಯ್ ಹುಚ್ಚು ಹಿಡಿದದ್ದು ಮದುವೆಯಾದ ಎರಡನೇ ವರ್ಷ. ಕ್ವಾರ್ಟರ್ಸಿನ ಹಿಂದಿದ್ದ ಹಾಳು ನೀರಿನ ತೊಟ್ಟಿಯ ಬಿರುಕಿನಲ್ಲಿ ಅರಳಿ ಸಸಿಯೊಂದು ಎದ್ದಿತ್ತು. ತೊಟ್ಟಿ ಒಡೆಯಲು ಬಂದ ಕೂಲಿಯವರು ಅದನ್ನು ಮುಟ್ಟಲು ಹಿಂಜರಿದರು. ಕಪಿಲ ಸಂಜೆಯವರೆಗೆ ಕೂತು ಬೇರು ಬಿಡಿಸಿ ತಂದ. ಅಂಥ ಗಿಡವನ್ನು ಅಗಲವಾದ ತಟ್ಟೆಯಲ್ಲಿಟ್ಟು, ಮೊಣಕಾಲೆತ್ತರದಲ್ಲೇ ಮುದಿ ಮರದ ಹಾಗೆ ಬೆಳೆಸಬಹುದೆಂದು ಕರುಣಾ ಫೋನಿನಲ್ಲಿ ವಿಡಿಯೊ ನೋಡಿ ತಿಳಿದುಕೊಂಡಳು.

ಅಂಥ ತಟ್ಟೆ ಈ ಕಡೆ ಎಲ್ಲೂ ಸಿಗಲಿಲ್ಲ. ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಕೆಲಸ ಮಾಡುವ ಮಶಾಕ ದಪ್ಪ ಫರ್ಸಿಯೊಂದರ ನಡುವೆ ನಾಲ್ಕು ಬೆರಳು ಆಳಕ್ಕೆ ಕೊರೆದು, ಕೆಳಗೆ ನೀರು ಇಳಿಯಲು ಎರಡು ತೂತು ಹಾಕಿ ಕೊಟ್ಟ. ಗುಜರಿ ಅಂಗಡಿಯಿಂದ ತಂದ ತಾಮ್ರದ ತಂತಿಯನ್ನು ಕಪಿಲ ಒಲೆಯಲ್ಲಿ ಕಾಯಿಸಿ ಮೆತ್ತಗೆ ಮಾಡಿದ. ಯಾವ ಟೊಂಗೆ ಉಳಿಯಬೇಕು ಎಂದು ಹೇಳುವವಳು ಕರುಣಾ, ಉಳಿದದ್ದನ್ನು ತಂತಿ ಸುತ್ತಿ ಬಾಗಿಸುವವನು ಕಪಿಲ. ದಿನದಲ್ಲಿ ಏನೇ ಜಗಳವಾಗಿದ್ದರೂ ಸಂಜೆ ಎಲೆಗಳ ಮೇಲಿನ ಧೂಳು ತೊಳೆಯಲು ಇಬ್ಬರೂ ಅಂಗಳಕ್ಕೆ ಬರಲೇಬೇಕಿತ್ತು. ನಾಲ್ಕು ವರ್ಷದಲ್ಲಿ ಅಲ್ಲಿ ಇಪ್ಪತ್ತಮೂರು ಗಿಡಗಳಾದವು.

ಸುದ್ದಿ ಹಬ್ಬಿತು. ಗೋಡೆಯಲ್ಲಿ ಅರಳಿ ಎದ್ದರೆ ಗೋಡೆ ಬಿರಿಯುತ್ತದೆ, ಕಡಿದರೆ ದೋಷ ಎಂಬ ಭಯ. ಹಾಗಾಗಿ ಜನ ಇವರಿಗೆ ಫೋನ್ ಮಾಡತೊಡಗಿದರು. ಭಾನುವಾರಗಳಂದು ಗಂಡ ಹೆಂಡತಿ ಉಳಿ, ಸುತ್ತಿಗೆ, ಒದ್ದೆ ಗೋಣಿಚೀಲ ಹಿಡಿದು ಹೊರಟರೆ, ಊರಿನವರು ‘ಗಿಡದ ಜೋಡಿ ಹೊಂಟದ ನೋಡ್ರಿ’ ಎನ್ನುತ್ತಿದ್ದರು. ಕರುಣಾಗೆ ಆ ಹೆಸರು ಇಷ್ಟವಾಗಿತ್ತು.

ಕಳೆದ ಜೂನಿನಲ್ಲಿ, ಮೊದಲ ಮಳೆ ಬಿದ್ದ ವಾರ, ಚಿತ್ತಾಪುರದ ಅಣವೀರಪ್ಪ ಕರೆದರು. ನಿವೃತ್ತ ಪೋಸ್ಟ್ ಮಾಸ್ತರರು. ಅವರ ಮೊಮ್ಮಗಳು ಕರುಣಾಳ ಶಾಲೆಯಲ್ಲೇ ಓದುತ್ತಿದ್ದಳು.

“ನಾವು ಕಡಿಯಂಗಿಲ್ರಿ ಟೀಚರ್. ಬಿಟ್ರ ದೇವರ ಮನಿ ಗ್ವಾಡಿ ಉಳಿಯಂಗಿಲ್ಲ. ನೀವು ಒಯ್ದು ಬೆಳಸ್ತೀರಿ ಅಂದ್ರ ನಮಗೂ ಸಮಾಧಾನ,” ಎಂದರು.

ಮಾಳಿಗೆ ಹತ್ತಿ, ಅಲ್ಲಿ ದೇವರ ಮನೆಯ ಗೋಡೆಯ ತುದಿಯಲ್ಲಿದ್ದ ಗಿಡ ನೋಡಿ ಕಪಿಲ ಕುಕ್ಕರುಗಾಲಲ್ಲಿ ಕೂತುಬಿಟ್ಟ. ಹದಿನೈದು ವರ್ಷದ ಬುಡ, ಇಟ್ಟಿಗೆಗಳ ನಡುವೆ ಸಿಕ್ಕಿ ಚಪ್ಪಟೆಯಾಗಿ, ಹಿಂಡಿದ ಬಟ್ಟೆಯಂತೆ ತಿರುಚಿಕೊಂಡಿತ್ತು. ಅಂಥ ಬುಡವನ್ನು ಯಾರೂ ತಂತಿ ಸುತ್ತಿ ಮಾಡಲಾರರು. ಐದು ತಾಸು ಕೆಲಸ ಹಿಡಿಯಿತು. ಅಣವೀರಪ್ಪ ತಾವೇ ಚಹಾ ತಂದುಕೊಟ್ಟರು, ಊಟಕ್ಕೂ ಒತ್ತಾಯ ಮಾಡಿದರು. ಕಪಿಲ ಗಿಡವನ್ನು ಕೆಳಗಿಳಿಸಿ ಬೀದಿಗೆ ಒಯ್ದಾಗ ಕರುಣಾ ಮಾಳಿಗೆಯ ಮೇಲಿನ ಮಣ್ಣು ಗುಡಿಸುತ್ತಿದ್ದಳು. ಕೆಳಗೆ ಅಂಗಳದಲ್ಲಿ ಅಣವೀರಪ್ಪ ತಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದುದು ಕೇಳಿಸಿತು.

“ಹ್ಞೂಂ, ಇವತ್ತ ತೆಗಸೀವಿ. ನಮ್ಮವರ ಕೈಲೆ ಅಲ್ಲ ಬಿಡು. ಅವರ ಮಂದಿ ಬಂದಾರ. ಅವರಿಗೇನು ದೋಷ ತಟ್ಟಂಗಿಲ್ಲ.”

ಜಾತಿಯ ಮಾತಾದರೂ ಅವರ ದನಿಯಲ್ಲಿ ತಿರಸ್ಕಾರವಿರಲಿಲ್ಲ. ಮಳೆ ಬಂತು, ಕರೆಂಟ್ ಹೋಯಿತು ಎನ್ನುವ ಹಾಗೆ ಹೇಳಿದ್ದರು. ಕರುಣಾಗೆ ಹೆಚ್ಚು ನೋವಾದದ್ದು ಅದಕ್ಕೇ. ಅವಳು ಗುಡಿಸುವುದನ್ನು ಮುಗಿಸಿ, ಕೆಳಗಿಳಿದು, ಅವರಿಗೆ ನಮಸ್ಕಾರ ಹೇಳಿ ಹೊರಟಳು. ಗಂಡನಿಗೆ ಹೇಳಲಿಲ್ಲ. ಅವನು ದಾರಿಯುದ್ದಕ್ಕೂ ಆ ಬುಡದ ಮಾತನ್ನೇ ಆಡುತ್ತಿದ್ದ.

ಐದನೇ ವಾರಕ್ಕೆ ಗಿಡ ಕೆಂಪಗೆ ಚಿಗುರಿತು. ಕಪಿಲ ಹೆಂಡತಿಯನ್ನು ಕರೆದು ತೋರಿಸಿದ. ಅವಳು “ಛಲೋ ಆಯ್ತು” ಎಂದಷ್ಟೇ ಹೇಳಿ ಬೇರೆ ಗಿಡಗಳ ಕಡೆ ಹೋದಳು. ಆಗಸ್ಟ್ ಬಂದರೂ ಯಾವ ಟೊಂಗೆ ಇಡಬೇಕೆಂದು ಅವಳು ಹೇಳಲಿಲ್ಲ.

ಒಂದು ಸಂಜೆ ಕಪಿಲ ಕೇಳಿಯೇಬಿಟ್ಟ. “ಆ ಗಿಡಕ್ಕ ನೀ ನೀರೂ ಹಾಕವಲ್ಲಿ. ಯಾಕ?”

ಅವಳು ಹೇಳಿದಳು. ಅವನು ತಂತಿ ಸುತ್ತುತ್ತಿದ್ದ ಕೈ ನಿಲ್ಲಿಸಲಿಲ್ಲ.

“ಆ ಮಾತು ನಾ ಕೇಳಿಲ್ಲ. ಆದ್ರ ನಮ್ಮನ್ನೇ ಯಾಕ ಕರೀತಾರ ಅಂತ ಮೊದಲನೇ ಮನಿಯಿಂದ ಗೊತ್ತದ.”

“ಗೊತ್ತಿದ್ದೂ ಹೋದ್ರೇನು?”

“ಗಿಡ ಉಳೀತದಲ್ಲ ಅಂತ ಹೋದೆ. ಮಂದಿ ಮನಸಿನ್ಯಾಗ ಏನದ ಅಂತ ಹುಡುಕ್ಕೋತ ಕುಂತ್ರ ನೌಕರಿನೂ ಮಾಡಾಕ ಆಗಂಗಿಲ್ಲ, ಕರುಣಾ.”

“ಅವರಿಗಿ ಅದು ದೇವರ ಗಿಡ. ನಮಗ ಬರೀ ಕಟಿಗಿ ಏನ್ರಿ? ಬುದ್ಧ ಕುಂತಿದ್ದು ಇದರ ಬುಡಕ್ಕೇ ಅಲ್ಲೇನು? ನಾಲ್ಕು ವರ್ಷ ನಾ ಇದನ್ನ ಸಂತೋಷಕ್ಕ ಮಾಡಾಕತ್ತೀನಿ ಅನ್ಕೊಂಡಿದ್ದೆ. ಅವರ ಲೆಕ್ಕದಾಗ ನಾವು ಅವರ ಪಾಪ ಹೊರಾಕ ಹೋದವರು.”

ಕಪಿಲ ತಂತಿಯ ತುದಿ ಕತ್ತರಿಸಿ ಕೆಳಗಿಟ್ಟ. “ಹಂಗಾದ್ರ ಬಿಟ್ಟುಬಿಡೂಣೇನು?” ಎಂದ.

“ಬಿಡೂದು ಯಾಕ? ಇನ್ಮ್ಯಾಲೆ ಯಾರು ಕರದ್ರೂ, ಬೇರು ಬಿಡಸೋವಾಗ ಆ ಮನಿಯವರು ಒಬ್ಬರು ನಮ್ಮ ಜೋಡಿ ಕೈ ಹಚ್ಚಬೇಕು. ಇಲ್ಲಂದ್ರ ನಾವು ಬರಂಗಿಲ್ಲ.”

“ಯಾರೂ ಕರಿಯಂಗಿಲ್ಲ ಮತ್ತ.”

“ಕರೀಲಿಲ್ಲಂದ್ರ ಬ್ಯಾಡ.”

ಮರುದಿನ ಅವಳು ಆ ಗಿಡಕ್ಕೂ ನೀರು ಹಾಕಿದಳು. ಅದರದೇನು ತಪ್ಪು ಎಂದು ತನಗೆ ತಾನೇ ಹೇಳಿಕೊಂಡಳು.

ಕಪಿಲ ಹೇಳಿದಂತೆಯೇ ಆಯಿತು. ಸೆಪ್ಟೆಂಬರಿನಲ್ಲಿ ಶಹಾಬಾದಿನ ಕಿರಾಣಿ ಅಂಗಡಿಯವನೊಬ್ಬ ಫೋನ್ ಮಾಡಿದ. ಕರುಣಾ ತನ್ನ ಷರತ್ತು ಹೇಳಿದಾಗ, “ನಾವೇ ಮುಟ್ಟೂದಿದ್ರ ನಿಮಗ್ಯಾಕ ಫೋನ್ ಮಾಡ್ತಿದ್ವಿ?” ಎಂದು ಇಟ್ಟುಬಿಟ್ಟ. ಒಂದು ತಿಂಗಳ ಮೇಲೆ ಕಪಿಲ ಮಶಾಕನ ಬಳಿಗೆ ಹೋದವನು ಆ ಅಂಗಡಿಯ ಮುಂದೆ ಹಾದು ಬಂದ. ಯಾರೋ ಗೋಡೆಯಲ್ಲಿದ್ದ ಅರಳಿಯ ಬುಡಕ್ಕೆ ಆಸಿಡ್ ಹೊಯ್ದಿದ್ದರು. ಎಲೆಗಳು ಕಂದಿ, ಗಿಡದಲ್ಲೇ ಜೋತುಬಿದ್ದಿದ್ದವು.

ಮನೆಗೆ ಬಂದು ಅವನು ಕೈಕಾಲು ತೊಳೆದು ಕೂತ. “ಆ ಅಂಗಡಿ ಗಿಡಕ್ಕ ಆಸಿಡ್ ಹಾಕ್ಯಾರ, ಎಲಿ ಎಲ್ಲಾ ಒಣಗ್ಯಾವ. ಭಾಳ ಛಲೋ ಗಿಡ ಇತ್ತು,” ಎಂದ. “ನಾವು ಹೋಗಿದ್ರ ಉಳೀತಿತ್ತು.”

ಕರುಣಾ ರೊಟ್ಟಿ ಬಡಿಯುತ್ತಿದ್ದಳು. ಅವನು ಬೈದಿದ್ದರೆ ತಿರುಗಿ ಮಾತಾಡಬಹುದಿತ್ತು. ಅವನು ಬೈಯಲಿಲ್ಲ. ಆ ರಾತ್ರಿ ಇಬ್ಬರಿಗೂ ಊಟ ರುಚಿಸಲಿಲ್ಲ. ತಾನು ಮಾಡಿದ್ದು ಸರಿ ಎಂದೇ ಅವಳಿಗೆ ಅನ್ನಿಸುತ್ತಿತ್ತು, ಆದರೆ ಒಣಗಿದ ಎಲೆಗಳು ಕಣ್ಣ ಮುಂದಿಂದ ಹೋಗಲಿಲ್ಲ.

ಫೆಬ್ರವರಿಯಲ್ಲಿ ಸೇಡಂನಿಂದ ಉಮಾದೇವಿ ಎಂಬ ಹೆಂಗಸಿನ ಫೋನ್ ಬಂತು. ಮನೆಯಲ್ಲೇ ರವಿಕೆ ಹೊಲಿಯುವವಳು. ಅಡುಗೆಮನೆಯ ಗೋಡೆಯಲ್ಲಿ ಅರಳಿ.

“ನಾ ಏನು ಮಾಡಬೇಕ್ರಿ?” ಎಂದು ಕೇಳಿದಳು.

“ಬೇರು ಹಿಡೀಬೇಕು. ನಾವು ಬಿಡಸ್ತೀವಿ,” ಎಂದಳು ಕರುಣಾ.

“ನಮ್ಮತ್ತಿಗಿ ಕೇಳಿ ಹೇಳ್ತೀನ್ರಿ.”

ಮರುದಿನ ಅವಳೇ ಮತ್ತೆ ಫೋನ್ ಮಾಡಿದಳು. “ಅತ್ತಿ ಬ್ಯಾಡ ಅಂದ್ರು. ಆದ್ರೂ ಬೇರು ನಾ ಹಿಡೀತೀನಿ, ನೀವು ಬರ್ರಿ.”

ಭಾನುವಾರ ಬೆಳಿಗ್ಗೆಯ ಪ್ಯಾಸೆಂಜರ್ ಹಿಡಿದು ಇಬ್ಬರೂ ಹೋದರು. ಅತ್ತೆ ಮಹಾದೇವಮ್ಮ ಒಳಗಿನ ಕೋಣೆಯ ಹೊಸ್ತಿಲ ಮೇಲೆ ಕೂತಿದ್ದರು. ಉಮಾದೇವಿ ಗಿಡಕ್ಕೆ ಕೈ ಮುಗಿದಳು. ಪಕ್ಕದಲ್ಲಿ ಕರುಣಾ ಕೂಡ ಮುಗಿದಳು. ಇಷ್ಟು ವರ್ಷದಲ್ಲಿ ಇದೇ ಮೊದಲು. ಕಪಿಲ ಒಂದು ಗಳಿಗೆ ಅವಳನ್ನು ನೋಡಿ, ಉಳಿ ಕೈಗೆತ್ತಿಕೊಂಡ.

“ಎಳೀಬ್ಯಾಡ್ರಿ ಅಕ್ಕೋರೆ, ಸುಮ್ಮ ಹಿಡೀರಿ,” ಎಂದ.

ಉಮಾದೇವಿ ಬೇರು ಹಿಡಿದಳು. ಇಟ್ಟಿಗೆ ಸರಿದಾಗ ಎಳೆಯ ಬೇರೊಂದು ಅವಳ ಮುಷ್ಟಿಯಲ್ಲೇ ಮುರಿದು, ಬೆರಳುಗಳ ಮೇಲೆ ಬಿಳಿ ಹಾಲು ಇಳಿಯಿತು. ಅವಳ ಮುಖ ಸಣ್ಣದಾಯಿತು.

“ತಪ್ಪಾಯ್ತೇನ್ರಿ?”

“ನನ್ನ ಕೈಯಾಗ ಇಂಥವು ಭಾಳ ಮುರದಾವ,” ಎಂದಳು ಕರುಣಾ. “ಗಿಡ ಸಾಯಂಗಿಲ್ಲ. ಹಿಡಕೊಂಡಿರ್ರಿ.”

ಹೊಸ್ತಿಲ ಮೇಲಿನ ಮುದುಕಿ ಎದ್ದರು. ಈಗ ಬೈಗುಳ ಬರುತ್ತದೆ ಎಂದೇ ಮೂವರೂ ಅಂದುಕೊಂಡರು. ಮಹಾದೇವಮ್ಮ ಹಿತ್ತಿಲ ಒಲೆಯಿಂದ ಒಂದು ಮುಷ್ಟಿ ಬೂದಿ ತಂದು, ಬಗ್ಗಿ, ಬೇರು ಮುರಿದ ಜಾಗಕ್ಕೆ ತಾವೇ ಒತ್ತಿ ಹಚ್ಚಿದರು.

“ಹಸಿ ಗಾಯ ಹಂಗೇ ಬಿಟ್ರ ಹೆಂಗ?” ಎಂದರು, ಯಾರಿಗೆಂದು ತಿಳಿಯದ ಹಾಗೆ. ಆಮೇಲೆ ಕರುಣಾಳ ಕಡೆ ತಿರುಗಿ, “ನೀವು ಎಲ್ಲಿಯವರವ್ವ?” ಎಂದು ಕೇಳಿದರು.

ಕರುಣಾ ತವರಿನ ಹೆಸರು ಹೇಳಿದಳು. ಮನೆತನ ಹೇಳಿದಳು. ಮುಚ್ಚಿಡಲಿಲ್ಲ. ಮುದುಕಿ ತಲೆಯಾಡಿಸಿ, ಉಳಿದ ಬೂದಿಯನ್ನು ಅವಳ ಅಂಗೈಗೆ ಸುರಿದರು. “ಹಿಂದಿನ ಬೇರಿಗೂ ಹಚ್ಚು,” ಎಂದರು.

ಮಧ್ಯಾಹ್ನದ ಹೊತ್ತಿಗೆ ಗಿಡ ಗೋಣಿಚೀಲದಲ್ಲಿತ್ತು. ಸಣ್ಣ ಟೊಂಗೆಯೊಂದನ್ನು ತನಗೂ ಕೊಡಬೇಕೆಂದು ಉಮಾದೇವಿ ಕೇಳಿದಳು. ಕಪಿಲ ಅದನ್ನು ಡಬ್ಬಿಯೊಂದರಲ್ಲಿ ನೆಟ್ಟು, ನೆರಳಲ್ಲಿಡಲು ಹೇಳಿಕೊಟ್ಟ.

ವಾಪಸು ಬರುವ ರೈಲಿನಲ್ಲಿ ಗಿಡ ಇಬ್ಬರ ಕಾಲುಗಳ ನಡುವೆ ಕೂತಿತ್ತು. ಮಳಖೇಡ ದಾಟಿದ ಮೇಲೆ ಕರುಣಾ ಕೇಳಿದಳು. “ಆ ಶಹಾಬಾದಿನ ಗಿಡ ನೆನಪಾಗ್ತದೇನ್ರಿ?”

“ಆಗ್ತದ.”

“ನನಗೂ. ಆದ್ರೂ ನನ್ನ ಮಾತು ಬದಲಿ ಮಾಡಂಗಿಲ್ಲ.”

“ಬ್ಯಾಡ,” ಎಂದ ಕಪಿಲ. ಅಷ್ಟು ಹೇಳಿ, ಒಣಗತೊಡಗಿದ್ದ ಗೋಣಿಚೀಲದ ಮೇಲೆ ಬಾಟಲಿಯ ನೀರು ಚಿಮುಕಿಸಿದ.