ಆರರಿಂದ ಎರಡರವರೆಗೆ

ಗಂಡನ ಉತ್ತರಕ್ರಿಯೆಯ ಕಾರ್ಯಗಳೆಲ್ಲ ಮುಗಿದು, ನೆಂಟರು ಒಬ್ಬೊಬ್ಬರಾಗಿ ಹೊರಟುಹೋದ ಮರುದಿನ, ಬೆಳಗಿನ ಐದಕ್ಕೆ ಅವನ ಫೋನು ಬಡಿದುಕೊಂಡಿತು. ಅವಳು ಕೈಚಾಚಿ ತೆಗೆದು ನೋಡಿದಳು. ಕರೆಯಲ್ಲ, ಅಲಾರಂ. ಕೆಳಗೆ ಅವನೇ ಬರೆದಿಟ್ಟಿದ್ದ: ‘ಗುರುವಾರ. ಬಾಯ್ಲರಣ್ಣನ ಬದಲು ನಾನು, ಆರರಿಂದ ಎರಡು. ಮರೆತರೆ ಚರ್ಮ ಸುಲೀತಾನೆ.’

ಬಾಯ್ಲರಣ್ಣ ಎಂದರೆ ವಿದ್ಯುತ್ ಸ್ಥಾವರದ ಕಂಟ್ರೋಲ್ ರೂಮಿನಲ್ಲಿ ಗಂಡನ ಜೊತೆಯ ಆಪರೇಟರು. ಬಾಯ್ಲರಿನ ಮೇಜಿನ ಮುಂದೆ ಇಪ್ಪತ್ತು ವರ್ಷ ಕೂತು ಆ ಹೆಸರು ಅಂಟಿತ್ತು. ಅವಳು ಎಂ.ಎ. ಪದವಿ ಪಡೆದ ದಿನ ಗಂಡನಿಗೆ ರಜೆ ಸಿಕ್ಕಿರಲಿಲ್ಲ. ಬಾಯ್ಲರಣ್ಣನೇ ತನ್ನ ಪಾಳಿಯ ಮೇಲೆ ಇವನದ್ದನ್ನೂ ಹೊತ್ತು ಹದಿನಾರು ಗಂಟೆ ಕೂತಿದ್ದ. ಹಾಗೆ ಎರವಲು ಸಿಕ್ಕ ಎಂಟು ಗಂಟೆಯಲ್ಲಿ ಗಂಡ ಸಭಾಂಗಣದ ಕೊನೆಯಲ್ಲಿ ನಿಂತು, ಉಳಿದವರೆಲ್ಲ ನಿಲ್ಲಿಸಿದ ಮೇಲೂ ಒಬ್ಬನೇ ಚಪ್ಪಾಳೆ ತಟ್ಟಿ, ಅವಳ ಮಾನ ಕಳೆದಿದ್ದ.

ಅವಳು ಬಾಯ್ಲರಣ್ಣನಿಗೆ ಫೋನು ಮಾಡಿದಳು.

“ಅಣ್ಣ, ಇವತ್ತು ನಿಮ್ಮ ಡ್ಯೂಟಿಗೆ ಇವರು ಬರಬೇಕಿತ್ತು.”

“ಅದೆಲ್ಲ ಈಗ ಯಾಕೆ ತಂಗಿ? ನಾನೇ ಹೊರಟಿದ್ದೀನಿ. ಮೊದಲೇ ಒಬ್ಬ ಕಡಿಮೆ, ಕುರ್ಚಿ ಖಾಲಿ ಬಿಡೋ ಹಾಗಿಲ್ಲ.”

“ನಿಮ್ಮಮ್ಮನ ಕಣ್ಣಿನ ಪಟ್ಟಿ ಬಿಚ್ಚೋದು ಇವತ್ತೇ ಅಲ್ವಾ?”

“ಪಕ್ಕದ ಮನೆಯವರು ಪುರುಸೊತ್ತಾದ್ರೆ ಕರ್ಕೊಂಡು ಹೋಗ್ತಾರಂತೆ. ಆ ಎಂಟು ಗಂಟೆ ಬಿಟ್ಟುಬಿಡು. ಅದು ಮುಗೀತು.”

ಆ ವಾರ ಎಲ್ಲವೂ ಮುಗಿಯುತ್ತಲೇ ಇತ್ತು. ಪ್ಲಾಂಟಿನಲ್ಲಿ ಗಂಡನ ಲಾಕರು ಖಾಲಿಯಾಗಿತ್ತು. ಡ್ಯೂಟಿ ಬೋರ್ಡಿನಿಂದ ಹೆಸರು ತೆಗೆದಿದ್ದರು. ಅವನು ಮಾಡಬೇಕೆಂದು ಈ ಲೋಕದಲ್ಲಿ ಉಳಿದಿದ್ದ ಕೆಲಸ ಇದೊಂದೇ. ಇದನ್ನೂ ಯಾರಾದರೂ ದೊಡ್ಡ ಮನಸ್ಸು ಮಾಡಿ ಮನ್ನಾ ಮಾಡಿಬಿಟ್ಟರೆ ಅವಳಿಗೆ ತಡೆದುಕೊಳ್ಳಲಾಗುತ್ತಿರಲಿಲ್ಲ.

“ಆರಕ್ಕೆ ನಿಮ್ಮ ಮನೇಲಿರ್ತೀನಿ,” ಎಂದು ಫೋನಿಟ್ಟಳು.

ಬಾಯ್ಲರಣ್ಣನ ತಾಯಿ ಒಂದು ಕಣ್ಣಿಗೆ ಪಟ್ಟಿ, ಇನ್ನೊಂದಕ್ಕೆ ದಪ್ಪ ಕನ್ನಡಕ ಹಾಕಿಕೊಂಡು ಮಂಚದ ಮೇಲೆ ಕೂತಿದ್ದಳು.

“ಯಾರದು, ಬೆಕ್ಕಿನ ಹಾಗೆ ಬಂದಿದ್ದು?”

ಅವಳು ಗಂಡನ ಹೆಸರು ಹೇಳಿದಳು.

“ಓ, ಚಪ್ಪಾಳೆಯವನ ಹೆಂಡ್ತಿಯಾ? ಅವತ್ತು ನನ್ನ ಮಗ ಹದಿನಾರು ಗಂಟೆ ಕೂತು ಬಂದು, ಇನ್ನು ಈ ಜನ್ಮದಲ್ಲಿ ಯಾರಿಗೂ ಉಪಕಾರ ಮಾಡಲ್ಲ ಅಂದ. ಮಾರನೇ ದಿನ ನಿನ್ನ ಗಂಡ ಬಂದು ಚಪ್ಪಾಳೆ ಕಥೆ ಹೇಳಿದಾಗ ಇಬ್ಬರೂ ಬಿದ್ದು ಬಿದ್ದು ನಕ್ಕರು.” ಅಜ್ಜಿ ಕೈಯಲ್ಲಿ ತಡಕಿ ಅವಳ ಮುಂಗೈ ಹಿಡಿದಳು. “ಬಾ, ಕೂತ್ಕೋ.”

ಹತ್ತಕ್ಕೆ ಆಸ್ಪತ್ರೆಯಲ್ಲಿ ನರ್ಸು ಪಟ್ಟಿ ಬಿಚ್ಚಿದಳು. ಅಜ್ಜಿ ರೆಪ್ಪೆ ಬಡಿದು, ಮೊದಲು ಗೋಡೆ ನೋಡಿ, ನರ್ಸನ್ನು ನೋಡಿ, ಆಮೇಲೆ ಇವಳ ಕಡೆ ತಿರುಗಿದಳು. ಬಹಳ ಹೊತ್ತು ನೋಡಿದಳು.

“ಇಷ್ಟು ಚಿಕ್ಕೋಳಾ ನೀನು?”

ಅವಳು ಔಷಧಿ ಚೀಟಿ ಮಡಿಚಿದಳು.

ಮನೆಗೆ ಬಂದ ಮೇಲೆ ಅಜ್ಜಿ ಅವಳಿಗೆ ಬಲವಂತವಾಗಿ ಉಣ್ಣಿಸಿ, “ಕಣ್ಣು ಬಂತಲ್ಲ, ಇನ್ನು ಹೋಗಿ ಒಂದು ಗಳಿಗೆ ಮಲಗು,” ಎಂದಳು.

“ಎರಡರವರೆಗೂ ಇರ್ತೀನಿ.”

“ಎರಡಕ್ಕೇನು, ರೈಲಿದೆಯಾ?”

“ಎರಡಕ್ಕೆ ಎಂಟು ಗಂಟೆ ಆಗುತ್ತೆ ಅಜ್ಜಿ.”

ಅಜ್ಜಿ ಬುಟ್ಟಿ ಎಳೆದು, “ಸುಮ್ಮನೆ ಕೂತವರನ್ನ ಕಂಡರೆ ನನಗಾಗಲ್ಲ. ಬೆಳ್ಳುಳ್ಳಿ ಸುಲಿ,” ಎಂದಳು. ಇಬ್ಬರೂ ಸುಲಿದರು. ಇವಳು ಬಿಟ್ಟ ಸಿಪ್ಪೆಯ ಚೂರುಗಳನ್ನು ಅಜ್ಜಿ ಹೊಸ ಕಣ್ಣಿನಿಂದ ಒಂದೊಂದಾಗಿ ಹುಡುಕಿ ತೋರಿಸಿ, ಎಂ.ಎ.ಯಲ್ಲಿ ಇದನ್ನೆಲ್ಲ ಕಲಿಸಲ್ವಾ ಎಂದಳು.

ಬಾಯ್ಲರಣ್ಣ ಬಂದಾಗ ಎರಡೂಕಾಲು. ಹೆಲ್ಮೆಟ್ಟು ಕೈಯಲ್ಲೇ ಇತ್ತು. ಅವನು ಏನೋ ಹೇಳಲು ಬಾಯಿ ತೆರೆದ, ಅವಳೇ ಶುರುಮಾಡಿದಳು.

“ಪಟ್ಟಿ ಹತ್ತಕ್ಕೆ ಬಿಚ್ಚಿದ್ರು. ಕಣ್ಣು ಸ್ವಲ್ಪ ಕೆಂಪಿದೆ, ನೋವಿಲ್ಲ. ಹನಿ ಹನ್ನೊಂದಕ್ಕೆ, ಒಂದಕ್ಕೆ ಹಾಕಿದ್ದೀನಿ, ಮುಂದಿನದು ಮೂರಕ್ಕೆ. ಬಿಪಿ ಚೂರು ಜಾಸ್ತಿ. ಊಟ ಸರಿಯಾಗಿದೆ. ಬೈಗುಳ ಬೆಳಗಿಂದ ನಾರ್ಮಲ್.”

ಆ ವಾರ ಅವಳು ಒಂದೇ ಉಸಿರಿಗೆ ಆಡಿದ ಅತಿ ಉದ್ದದ ಮಾತು ಅದು. ಪಾಳಿ ಬಿಡುವವನು ಬಂದವನಿಗೆ ಒಪ್ಪಿಸುವ ಧಾಟಿ. ಬಾಯ್ಲರಣ್ಣ ಹೆಲ್ಮೆಟ್ಟನ್ನು ಕಂಕುಳಿಗೆ ಸೇರಿಸಿ ನೆಟ್ಟಗೆ ನಿಂತ.

“ಸರಿ. ತಗೊಂಡೆ,” ಎಂದ. “ನೀವಿನ್ನು ಹೊರಡಿ.”

ಪ್ಲಾಂಟಿನಲ್ಲಿ ಬಂದವನು ಹಾಗೆ ಹೇಳುವವರೆಗೆ ಯಾರೂ ಜಾಗ ಬಿಡುವಂತಿಲ್ಲ. ಅವಳು ಕುರ್ಚಿಯಿಂದ ಎದ್ದಳು.